ಶಾಖಚಿಕಿತ್ಸೆಯೂ ಗಣಕಯಂತ್ರವೂ

ಕಾಲು ಉಳುಕಿದರೆ ಬಿಸಿನೀರಿನಲ್ಲಿ ಇಳಿಬಿಡುವುದು, ಬೆನ್ನು ಹಿಡಿದುಕೊಂಡರೆ ಕಾಸಿದ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಒತ್ತುವುದು, ಕೀಲುನೋವಿಗೆ ಹರಳೆಣ್ಣೆ ಸವರಿ ಬಾಡಿಸಿದ ಎಕ್ಕದ ಎಲೆಯನ್ನು ಕಟ್ಟುವುದು - ಇವೆಲ್ಲ ನಮ್ಮ ಮನೆಗಳಲ್ಲಿ ಯಾರೂ ಕೂರಿಸಿ ಕಲಿಸದೆ ಬಂದ ವಿದ್ಯೆಗಳು. ಶಾಖ ಕೊಡುವ ಅಜ್ಜಿಯ ಬಳಿ ಉಷ್ಣಮಾಪಕ ಇರುವುದಿಲ್ಲ. ಮೊದಲು ತನ್ನ ಅಂಗೈ ಹಿಂಬದಿಗೆ ತಾಗಿಸಿ ನೋಡುತ್ತಾಳೆ, ಆಮೇಲೆ "ತಡೀತೀಯೇನೋ?" ಎಂದು ಕೇಳುತ್ತಾಳೆ. ತನ್ನ ಕೈ, ರೋಗಿಯ ಬಾಯಿ, ಈ ಎರಡೇ ಅವಳ ಅಳತೆಗೋಲುಗಳು. ಚರ್ಮದ ಮಟ್ಟಿಗೆ ಅವು ಸಾಕು.

ಕ್ಯಾನ್ಸರ್ ಗಡ್ಡೆಗೆ ಶಾಖ ಕೊಡುವ ವೈದ್ಯನಿಗೆ ಈ ಎರಡು ಅನುಕೂಲಗಳೂ ಇಲ್ಲ. ಅವನು ಬಿಸಿಮಾಡಬೇಕಾದ ಜಾಗ ಹೊಟ್ಟೆಯ ಕೆಳಗೆ ನಾಲ್ಕಾರು ಅಂಗುಲ ಒಳಗಿರುತ್ತದೆ. ಅಲ್ಲಿಗೆ ಕೈ ಹೋಗುವುದಿಲ್ಲ. ರೋಗಿಯನ್ನೇ ಕೇಳೋಣವೆಂದರೆ ಒಳಗಿನ ಅಂಗಗಳಿಗೆ ಚರ್ಮಕ್ಕಿರುವಷ್ಟು ಸ್ಪಷ್ಟವಾದ ಬಿಸಿಯ ಅರಿವಿಲ್ಲ. ಕಣ್ಣಿಗೂ ಕೈಗೂ ಸಿಗದ ಆ ಜಾಗದಲ್ಲಿ ಎಷ್ಟು ಬಿಸಿಯಾದೀತೆಂಬುದನ್ನು ಲೆಕ್ಕ ಹಾಕಿ ತಿಳಿಯುವ ಪ್ರಯತ್ನವೊಂದು ಕೆಲವು ದಶಕಗಳಿಂದ ನಡೆದಿದೆ. ಗಣಕಯಂತ್ರದೊಳಗೆ ಒಬ್ಬ 'ಲೆಕ್ಕದ ಮನುಷ್ಯ'ನನ್ನು ನಿರ್ಮಿಸಿ, ಚಿಕಿತ್ಸೆಯನ್ನು ಮೊದಲು ಅವನ ಮೇಲೆ ಪ್ರಯೋಗಿಸಿ ನೋಡುವುದು ಅದರ ರೀತಿ. ಇದನ್ನು ಸಿಮ್ಯುಲೇಷನ್ ಎನ್ನುತ್ತಾರೆ.

ಜ್ವರವು ಗಡ್ಡೆಯನ್ನು ಕರಗಿಸಬಲ್ಲದೆಂಬ ಅನುಮಾನ ಹಳೆಯದು. 1866ರಲ್ಲಿ ಜರ್ಮನಿಯ ಬಾನ್ ನಗರದ ಶಸ್ತ್ರವೈದ್ಯ ವಿಲ್ಹೆಲ್ಮ್ ಬುಶ್, ಚರ್ಮದ ಸೋಂಕಿನಿಂದ ಕಡುಜ್ವರ ಬಂದ ರೋಗಿಯೊಬ್ಬರ ಮುಖದ ಗಡ್ಡೆ ಇಳಿದುಹೋದುದನ್ನು ವರದಿ ಮಾಡಿದ. ಇಂದಿನ ಶಾಖಚಿಕಿತ್ಸೆಯಲ್ಲಿ ಸೋಂಕನ್ನು ತರಿಸುವುದಿಲ್ಲ; ರೇಡಿಯೋ ಅಲೆಗಳಿಂದಲೋ ಸೂಕ್ಷ್ಮತರಂಗಗಳಿಂದಲೋ ಗಡ್ಡೆಯಿರುವ ಭಾಗವನ್ನು ಸುಮಾರು ಒಂದು ಗಂಟೆಯ ಕಾಲ 40ರಿಂದ 44 ಡಿಗ್ರಿ ಸೆಂಟಿಗ್ರೇಡಿನ ನಡುವೆ ಇಡುತ್ತಾರೆ. ಇದು ಸುಡುವ ಚಿಕಿತ್ಸೆಯಲ್ಲ, ವಿಕಿರಣ ಚಿಕಿತ್ಸೆಗೆ ಒತ್ತಾಸೆಯಾಗಿ ನಿಲ್ಲುವಂಥದು. ಬಿಸಿಯಾದ ಗಡ್ಡೆಗೆ ರಕ್ತ ಹೆಚ್ಚು ಹರಿಯುತ್ತದೆ, ಅದರೊಡನೆ ಆಮ್ಲಜನಕವೂ ಹೋಗುತ್ತದೆ. ಆಮ್ಲಜನಕವಿದ್ದ ಕಡೆ ವಿಕಿರಣದ ಏಟು ಜೋರಾಗಿ ಬೀಳುತ್ತದೆ. ಅಲ್ಲದೆ, ವಿಕಿರಣದಿಂದ ಮುರಿದ ತಮ್ಮ ವಂಶತಂತುಗಳನ್ನು ಜೀವಕೋಶಗಳು ಸರಿಪಡಿಸಿಕೊಳ್ಳುವ ಕೆಲಸಕ್ಕೆ ಶಾಖ ಅಡ್ಡಿಮಾಡುತ್ತದೆ.

ಇಷ್ಟೇ ಆಗಿದ್ದರೆ ಲೆಕ್ಕದ ಗೊಡವೆ ಬೇಕಿರಲಿಲ್ಲ. ತೊಡಕೆಲ್ಲ ಇರುವುದು ಒಂದು ಡಿಗ್ರಿಯಲ್ಲಿ. 1984ರಲ್ಲಿ ಸಪರೆಟೊ ಮತ್ತು ಡ್ಯೂಯಿ ಎಂಬ ಇಬ್ಬರು ವಿಜ್ಞಾನಿಗಳು ಶಾಖದ 'ಪ್ರಮಾಣ'ವನ್ನು ಅಳೆಯುವ ಒಂದು ಸೂತ್ರವನ್ನು ಮುಂದಿಟ್ಟರು. 43 ಡಿಗ್ರಿಯನ್ನು ಅವರು ಮಾನದಂಡವಾಗಿ ಹಿಡಿದರು. ಅಲ್ಲಿಂದ ಒಂದು ಡಿಗ್ರಿ ಮೇಲೆ ಹೋದರೆ ಅದೇ ಪರಿಣಾಮಕ್ಕೆ ಅರ್ಧ ಹೊತ್ತು ಸಾಕು. ಒಂದು ಡಿಗ್ರಿ ಕೆಳಗಿಳಿದರೆ ನಾಲ್ಕು ಪಟ್ಟು ಹೊತ್ತು ಬೇಕು. ಅಂದರೆ 43 ಡಿಗ್ರಿಯಲ್ಲಿ 60 ನಿಮಿಷ ಇಟ್ಟ ಗಡ್ಡೆಗೆ ಪೂರ್ತಿ 60 ನಿಮಿಷದ ಲೆಕ್ಕ ಸಿಗುತ್ತದೆ. 42ರಲ್ಲಿ ಅದೇ 60 ನಿಮಿಷ ಇಟ್ಟರೆ ಸಿಗುವುದು 15 ನಿಮಿಷದ ಲೆಕ್ಕ. 41ರಲ್ಲಾದರೆ ನಾಲ್ಕು ನಿಮಿಷವೂ ಇಲ್ಲ! ಅಜ್ಜಿಯ ಇಟ್ಟಿಗೆಗೆ ಎರಡು ಡಿಗ್ರಿ ಹೆಚ್ಚುಕಡಿಮೆ ಏನೂ ಅಲ್ಲ. ಇಲ್ಲಿ ಅದು ಚಿಕಿತ್ಸೆಗೂ ಬರಿಯ ಬೆಚ್ಚಗಿನ ಉಪಚಾರಕ್ಕೂ ಇರುವ ಅಂತರ.

ಈ ಅಂತರಕ್ಕೆ ಬೆಲೆ ತೆತ್ತವರಿದ್ದಾರೆ. 1980ರ ದಶಕದಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ, ಚರ್ಮಕ್ಕೆ ಹತ್ತಿರದ ಗಡ್ಡೆಗಳಿಗೆ ವಿಕಿರಣವನ್ನು ಮಾತ್ರ ಕೊಟ್ಟರೆ ಏನು, ಶಾಖವನ್ನೂ ಸೇರಿಸಿದರೆ ಏನು ಎಂದು ಹೋಲಿಸಿ ನೋಡಿದವು. ಒಟ್ಟಿನ ಮೇಲೆ ಶಾಖದಿಂದ ಲಾಭ ಕಾಣಲಿಲ್ಲ. ಬಹುಜನ ವೈದ್ಯರು ಈ ಚಿಕಿತ್ಸೆಯಿಂದ ಮುಖ ತಿರುಗಿಸಿದರು. ಆದರೆ ಅದೇ ಪರೀಕ್ಷೆಯಲ್ಲಿ 3 ಸೆಂಟಿಮೀಟರಿಗಿಂತ ಸಣ್ಣ ಗಡ್ಡೆಗಳಿದ್ದವರಿಗೆ ಫಲ ದೊರೆತಿತ್ತು. ದೊಡ್ಡ ಗಡ್ಡೆಗಳು ಸರಿಯಾಗಿ ಬಿಸಿಯೇ ಆಗಿರಲಿಲ್ಲವೆಂದು ಆಮೇಲೆ ಪರಿಶೀಲಿಸಿದವರು ಹೇಳಿದರು. ಒಲೆ ಹತ್ತದೆ ಅನ್ನ ಬೇಯಲಿಲ್ಲವೆಂದು ಅಕ್ಕಿಯನ್ನು ದೂರಿದಂತಾಯಿತು.

ಮುಂದೆ ಎರಡು ಪರೀಕ್ಷೆಗಳು ಮಾತನ್ನು ಬದಲಿಸಿದವು. ನೆದರ್ಲೆಂಡ್ಸಿನಲ್ಲಿ 358 ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನಮ್ಮ ದೇಶದ ಹೆಂಗಸರನ್ನೂ ಬಹುವಾಗಿ ಕಾಡುವ ಗರ್ಭಕಂಠದ ಕ್ಯಾನ್ಸರ್ ಬಲಿತವರ ಪೈಕಿ, ವಿಕಿರಣ ಮಾತ್ರ ಪಡೆದವರಲ್ಲಿ ಮೂರು ವರ್ಷ ಬದುಕಿದವರು ನೂರಕ್ಕೆ 27 ಜನ. ಶಾಖವನ್ನೂ ಪಡೆದವರಲ್ಲಿ 51 ಜನ. 2005ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಇನ್ನೂ ಎಚ್ಚರಿಕೆಯಿಂದ ನಡೆದುಕೊಂಡರು. ಮೊದಲು ಒಂದು ಸಲ ಬಿಸಿಮಾಡಿ, ಯಾವ ಗಡ್ಡೆ ನಿಜವಾಗಿ ಬಿಸಿಯಾಗಬಲ್ಲದೆಂದು ಅಳೆದು, ಅಂಥವರನ್ನು ಮಾತ್ರ ಎರಡು ಗುಂಪು ಮಾಡಿದರು. ಗಡ್ಡೆಯ ಸರಾಸರಿ ಉಷ್ಣತೆಯನ್ನಲ್ಲ, ಅದರ ತೀರ ತಣ್ಣನೆಯ ಮೂಲೆಗಳನ್ನು ಗಮನದಲ್ಲಿಟ್ಟು ಪ್ರಮಾಣವನ್ನು ಎಣಿಸಿದರು. ಸಾಕಷ್ಟು ಶಾಖ ಪಡೆದ ಗುಂಪಿನಲ್ಲಿ ನೂರಕ್ಕೆ 66 ಮಂದಿಯ ಗಡ್ಡೆ ಸಂಪೂರ್ಣ ಮಾಯವಾಯಿತು, ಇನ್ನೊಂದರಲ್ಲಿ 42. ಒಟ್ಟು ಆಯುಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಅಳೆದು ಕೊಟ್ಟ ಶಾಖ ಗಡ್ಡೆಯ ಮೇಲೆ ಕೆಲಸ ಮಾಡುತ್ತದೆಂಬುದರಲ್ಲಿ ಸಂದೇಹ ಉಳಿಯಲಿಲ್ಲ.

ಹಾಗಾದರೆ ಸಾಕಷ್ಟು ಬಿಸಿಮಾಡುವುದು ಏಕೆ ಇಷ್ಟು ಕಷ್ಟ? ಆಲೂಗೆಡ್ಡೆಯನ್ನು ಬೇಯಿಸುವುದಕ್ಕೂ ಬದುಕಿರುವ ತೊಡೆಯನ್ನು ಬಿಸಿಮಾಡುವುದಕ್ಕೂ ಏನು ವ್ಯತ್ಯಾಸ?

ವ್ಯತ್ಯಾಸ ರಕ್ತದಲ್ಲಿದೆ. ಬಚ್ಚಲ ಹಂಡೆಗೆ ಉರಿ ಹಾಕಿ ನೀರು ಕಾಯಿಸುವುದು ಸುಲಭ. ಆದರೆ ಒಂದು ಕಡೆಯಿಂದ ತಣ್ಣೀರು ಸದಾ ಒಳಕ್ಕೆ ಹರಿಯುತ್ತ, ಇನ್ನೊಂದು ಕಡೆಯಿಂದ ಬಿಸಿನೀರು ಹೊರಕ್ಕೆ ಹೋಗುತ್ತ ಇದ್ದರೆ? ಸಾಲದುದಕ್ಕೆ, ಹಂಡೆ ಬಿಸಿಯಾದಷ್ಟೂ ತಣ್ಣೀರಿನ ನಲ್ಲಿ ತಾನಾಗಿಯೇ ಇನ್ನಷ್ಟು ತಿರುಗಿಕೊಂಡರೆ? ನಮ್ಮ ಮಾಂಸಖಂಡ ಮಾಡುವುದು ಇದನ್ನೇ. ಬಿಸಿ ತಗುಲಿದೊಡನೆ ಅಲ್ಲಿನ ರಕ್ತನಾಳಗಳು ಹಿಗ್ಗಿ, 37 ಡಿಗ್ರಿಯ ರಕ್ತವನ್ನು ಹಲವು ಪಟ್ಟು ಹೆಚ್ಚಾಗಿ ಹರಿಸಿ, ಶಾಖವನ್ನು ಹೊತ್ತೊಯ್ಯುತ್ತವೆ. ಗಡ್ಡೆಯ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದವು. ಅವಕ್ಕೆ ಈ ಜಾಣತನ ಕಡಿಮೆ. ಆದ್ದರಿಂದಲೇ ಸುತ್ತಲಿನ ಆರೋಗ್ಯವಂತ ಭಾಗಕ್ಕಿಂತ ಗಡ್ಡೆ ಹೆಚ್ಚು ಬಿಸಿಯಾಗುವ ಸಂಭವವಿರುವುದು. ಈ ಚಿಕಿತ್ಸೆಯ ಆಸೆಯೂ ರಕ್ತದಲ್ಲಿದೆ, ಅಡಚಣೆಯೂ ರಕ್ತದಲ್ಲಿದೆ.

ರಕ್ತವನ್ನು ಲೆಕ್ಕಕ್ಕೆ ಹಿಡಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಹ್ಯಾರಿ ಪೆನ್ನೆಸ್ ಎಂಬ ಅಮೆರಿಕದ ವೈದ್ಯನದು. ಅವನು ಕ್ಯಾನ್ಸರನ್ನು ಯೋಚಿಸಿದವನಲ್ಲ. ಸುಮ್ಮನೆ ವಿಶ್ರಾಂತಿಯಲ್ಲಿರುವ ಮನುಷ್ಯನ ಮುಂಗೈಯೊಳಗೆ ಉಷ್ಣತೆ ಎಲ್ಲೆಲ್ಲಿ ಎಷ್ಟಿದೆಯೆಂದು ತಿಳಿಯುವುದು ಅವನ ಕುತೂಹಲ. ಅದಕ್ಕಾಗಿ ಒಪ್ಪಿ ಬಂದವರ ಮುಂಗೈಯಲ್ಲಿ ಉಷ್ಣವನ್ನಳೆಯುವ ಸೂಕ್ಷ್ಮವಾದ ತಂತಿಯನ್ನು ಈ ಮಗ್ಗುಲಿಂದ ಆ ಮಗ್ಗುಲಿಗೆ ಹಾಯಿಸಿ, ಅದನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತ ಅಳತೆ ತೆಗೆದ. ಒಪ್ಪಿದವರ ಧೈರ್ಯವನ್ನು ಮೆಚ್ಚಬೇಕು! 1948ರಲ್ಲಿ ಪ್ರಕಟವಾದ ಅವನ ಪ್ರಬಂಧದಲ್ಲಿ ಒಂದು ಸಮೀಕರಣವಿದೆ.

ಸಮೀಕರಣವೆಂದರೆ ಕಲಾವಿಭಾಗದ ನಾವು ಬೆನ್ನು ತಿರುಗಿಸುವವರು. ಆದರೆ ಇದು ಮನೆಯ ಜಮಾ-ಖರ್ಚಿನ ಪುಸ್ತಕಕ್ಕಿಂತ ಕಠಿಣವಲ್ಲ. ದೇಹದ ಒಂದು ಚೂರನ್ನು ತೆಗೆದುಕೊಳ್ಳಿ. ಜಮೆಯ ಕಡೆ: ಪಕ್ಕದ ಚೂರು ಹೆಚ್ಚು ಬಿಸಿಯಿದ್ದರೆ ಅಲ್ಲಿಂದ ಹರಿದು ಬರುವ ಶಾಖ, ಆ ಚೂರಿನ ಜೀವಕೋಶಗಳೇ ಹುಟ್ಟಿಸುವ ಶಾಖ, ಹೊರಗಿನ ಯಂತ್ರ ಕೊಟ್ಟ ಶಾಖ. ಖರ್ಚಿನ ಕಡೆ: ತಣ್ಣಗಿರುವ ನೆರೆಯ ಚೂರಿಗೆ ಹೋದದ್ದು, ರಕ್ತ ಹೊತ್ತುಕೊಂಡು ಹೋದದ್ದು. ರಕ್ತದ ಪಾಲು ಎಷ್ಟೆಂದರೆ, ಆ ಚೂರು ಧಮನಿಯ ರಕ್ತಕ್ಕಿಂತ ಎಷ್ಟು ಡಿಗ್ರಿ ಹೆಚ್ಚು ಬಿಸಿಯಿದೆಯೋ ಅದಕ್ಕೆ ತಕ್ಕಷ್ಟು. ಜಮೆಯಲ್ಲಿ ಖರ್ಚು ಕಳೆದು ಉಳಿದದ್ದು ಉಷ್ಣತೆಯ ಏರಿಕೆ. ಮುಗಿಯಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇಲ್ಲೊಂದು ಪರಿಚಿತವಾದ ದೋಷವನ್ನು ಕಂಡಾರು. ಪೆನ್ನೆಸನ ರಕ್ತವು ಎಲ್ಲ ಕಡೆಗೂ ಸಮನಾಗಿ ಇಂಗಿಹೋಗುವ ರಕ್ತ, ನಮ್ಮ 'ತಲಾ ವರಮಾನ'ದ ಹಾಗೆ. ಊರಿನ ತಲಾ ವರಮಾನವನ್ನು ನೋಡಿದರೆ ಅಲ್ಲೊಬ್ಬ ಜಮೀನ್ದಾರನಿದ್ದಾನೆಂಬುದು ತಿಳಿಯುವುದಿಲ್ಲ. ಹಾಗೆಯೇ ಗಡ್ಡೆಯ ಅಂಚಿನಲ್ಲಿ ಒಂದು ದೊಡ್ಡ ರಕ್ತನಾಳ ಹಾದುಹೋಗಿದ್ದರೆ, ಅದು ತನ್ನ ಸುತ್ತ ಒಂದು ತಣ್ಣನೆಯ ಪಟ್ಟಿಯನ್ನು ಕೊರೆದಿಟ್ಟಿರುತ್ತದೆ. ಸರಾಸರಿಯ ಲೆಕ್ಕಕ್ಕೆ ಅದು ಕಾಣದು. ಈ ಕಾರಣದಿಂದ ಪೆನ್ನೆಸನ ಸಮೀಕರಣವನ್ನು ಬಹಳ ಜನ ಟೀಕಿಸಿದರು, ಅವನ ಅಳತೆಗಳಿಗೂ ಅವನ ಸಿದ್ಧಾಂತಕ್ಕೂ ಹೊಂದುವುದಿಲ್ಲವೆಂದೂ ಹೇಳಿದರು. ಐವತ್ತು ವರ್ಷಗಳ ಮೇಲೆ, 1998ರಲ್ಲಿ, ಯೂಜೀನ್ ವಿಸ್ಲರ್ ಎಂಬ ವಿದ್ವಾಂಸರು ಹಳೆಯ ಅಂಕೆಗಳನ್ನು ಮತ್ತೆ ಕೆದಕಿ, ಸರಿಯಾದ ರೀತಿಯಲ್ಲಿ ನೋಡಿದರೆ ಅವು ಸಿದ್ಧಾಂತಕ್ಕೆ ಹೊಂದುತ್ತವೆಂದು ತೋರಿಸಿದರು. ದೊಡ್ಡ ನಾಳಗಳನ್ನು ಬೇರೆಯಾಗಿಯೇ ಎಣಿಸುವ ವಿಧಾನಗಳು ಬಂದಿದ್ದರೂ ಇಂದಿಗೂ ಹೆಚ್ಚಿನ ಲೆಕ್ಕಗಳ ಬೆನ್ನೆಲುಬು ಆ 1948ರ ಸಮೀಕರಣವೇ.

ಇನ್ನು ಗಣಕಯಂತ್ರದ ಕೆಲಸ. ಐದು ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದೆಯೆಂದು ಭಾವಿಸೋಣ. ನಡುವಿನದು 45 ಡಿಗ್ರಿ, ಉಳಿದವೆಲ್ಲ 37. ಪ್ರತಿಯೊಂದು ಪೆಟ್ಟಿಗೆಯ ಹೊಸ ಉಷ್ಣತೆಯನ್ನು ತಿಳಿಯಲು ಅದರ ಹಳೆಯ ಉಷ್ಣತೆಯ ಅರ್ಧ, ಎಡಗಡೆಯದರ ಕಾಲು, ಬಲಗಡೆಯದರ ಕಾಲು ಕೂಡಿಸಿ. ನಡುವಿನದು 41ಕ್ಕೆ ಇಳಿಯುತ್ತದೆ, ಅದರ ಎರಡು ಮಗ್ಗುಲಿನವು 39ಕ್ಕೆ ಏರುತ್ತವೆ. ಈಗ ರಕ್ತವನ್ನು ಬಿಡಿ: 37ಕ್ಕಿಂತ ಎಷ್ಟು ಹೆಚ್ಚಿದೆಯೋ ಅದರ ಹತ್ತನೆಯ ಒಂದು ಪಾಲನ್ನು ಅದು ಒಯ್ಯಲಿ. ನಡುವಿನದು 40.6, ಮಗ್ಗುಲಿನವು 38.8. ಒಂದು ಹೆಜ್ಜೆ ಮುಗಿಯಿತು. ಎರಡನೆಯದನ್ನು ಆಸಕ್ತರು ಪೆನ್ಸಿಲಿನಲ್ಲಿ ಮಾಡಿ ನೋಡಬಹುದು. ಇಲ್ಲಿನ ಅರ್ಧ, ಕಾಲು, ಹತ್ತನೆಯ ಒಂದು ಎಂಬವು ನಾನು ಸುಲಭಕ್ಕಾಗಿ ಇಟ್ಟುಕೊಂಡವು. ನಿಜವಾದ ಲೆಕ್ಕದಲ್ಲಿ ಕೊಬ್ಬಿಗೆ ಒಂದು, ಮೂಳೆಗೆ ಒಂದು, ಮಾಂಸಕ್ಕೆ ಒಂದು ಎಂದು ಬೇರೆ ಬೇರೆ ಅಂಕೆಗಳಿರುತ್ತವೆ.

ವಿದ್ಯೆ ಇಷ್ಟೆ, ಗಾತ್ರ ಮಾತ್ರ ಭಯಂಕರ. ರೋಗಿಯ ಸಿ.ಟಿ. ಚಿತ್ರಗಳಿಂದ ದೇಹವನ್ನು 2 ಮಿಲಿಮೀಟರಿನ ಘನಗಳಾಗಿ ಒಡೆದರೆ ಒಂದು ಲೀಟರಿಗೆ 1,25,000 ಘನಗಳಾಗುತ್ತವೆ. 60 ಲೀಟರಿನ ದೇಹಕ್ಕೆ 75 ಲಕ್ಷ. ಸೆಕೆಂಡಿಗೊಂದು ಹೆಜ್ಜೆಯಂತೆ ಒಂದು ಗಂಟೆಯ ಚಿಕಿತ್ಸೆಯನ್ನು ಎಣಿಸಿದರೆ 2,700 ಕೋಟಿ ಪುಟ್ಟ ಲೆಕ್ಕಗಳು. ಹತ್ತು ಸೆಕೆಂಡಿಗೆ ಒಂದರಂತೆ ಹಗಲುರಾತ್ರಿ ಮಾಡುವ ಗುಮಾಸ್ತನಿಗೆ ಎಂಟು ಸಾವಿರ ವರ್ಷ ಮೀರಿ ಹಿಡಿದೀತು. ಪೆನ್ನೆಸನ ಸಮೀಕರಣ ಬಹುಕಾಲ ಮುಂಗೈಯಂಥ ಸರಳ ಆಕಾರಗಳಿಗೇ ಸೀಮಿತವಾಗಿ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ.

ಇದು ಶಾಖ ಹರಡುವ ಲೆಕ್ಕ. ಶಾಖ ಮೊದಲು ಎಲ್ಲಿ ಹುಟ್ಟುತ್ತದೆಂಬುದು ಇನ್ನೊಂದು ಲೆಕ್ಕ. ಕಿಬ್ಬೊಟ್ಟೆಯ ಗಡ್ಡೆಗೆ ಶಾಖ ಕೊಡುವಾಗ ರೋಗಿಯ ಸುತ್ತ ಬಳೆಯಂತೆ ಆಂಟೆನಾಗಳನ್ನು ಜೋಡಿಸಿ, ನಡುವೆ ನೀರಿನ ಚೀಲವನ್ನಿಟ್ಟು, ಸೆಕೆಂಡಿಗೆ 7 ಕೋಟಿಯಿಂದ 12 ಕೋಟಿ ಸಲ ಮಿಡಿಯುವ ರೇಡಿಯೋ ಅಲೆಗಳನ್ನು ಬಿಡುತ್ತಾರೆ. 7 ಕೋಟಿಯ ಅಲೆಯ ಉದ್ದ ಮಾಂಸದೊಳಗೆ ಒಂದು ಅಡಿಗಿಂತ ತುಸು ಹೆಚ್ಚು. ನಿಂತ ನೀರಿನ ಕೊಳಕ್ಕೆ ನಾಲ್ಕು ದಡಗಳಿಂದ ನಾಲ್ವರು ಒಟ್ಟಿಗೆ ಕಲ್ಲೆಸೆದರೆ ನಡುವೆ ಅಲೆಗಳು ಕೂಡಿ ಎತ್ತರವಾಗಿ ಏಳುತ್ತವೆ. ಒಬ್ಬ ತುಸು ತಡವಾಗಿ ಎಸೆದರೆ ಆ ಎತ್ತರದ ಜಾಗ ಅವನ ಕಡೆಗೆ ಸರಿಯುತ್ತದೆ. ಆಂಟೆನಾಗಳ ಹೊತ್ತನ್ನೂ ಬಲವನ್ನೂ ಹೀಗೆ ಹಿಂದುಮುಂದು ಮಾಡಿ ಶಾಖವನ್ನು ಗಡ್ಡೆಯ ಮೇಲೆ ಕೂಡಿಸಬೇಕು. ಆದರೆ ದೇಹ ಕೊಳದಂತೆ ಏಕರೂಪವಲ್ಲ. ಕೊಬ್ಬು ಮಾಂಸವನ್ನು ಸೇರುವ ಗಡಿಯಲ್ಲಿ, ಮೂಳೆಯ ಮಗ್ಗುಲಲ್ಲಿ, ಬಯಸದ ಕಡೆ ಶಾಖ ಗುಡ್ಡೆಯಾಗುತ್ತದೆ. ಅಲ್ಲಿ ರೋಗಿಗೆ ಸಹಿಸಲಾಗದ ಉರಿ ಎದ್ದರೆ ಯಂತ್ರದ ಬಲವನ್ನು ತಗ್ಗಿಸಲೇಬೇಕು. ಆಗ ಗಡ್ಡೆಯೂ ತಣ್ಣಗಾಗುತ್ತದೆ. ಆ ಒಂದು ಡಿಗ್ರಿ ಕಳೆದುಹೋಗುವುದು ಸಾಮಾನ್ಯವಾಗಿ ಹೀಗೆ.

ಹನ್ನೆರಡು ಆಂಟೆನಾಗಳಿದ್ದರೆ ಅವುಗಳ ಹೊಂದಾಣಿಕೆಗಳಿಗೆ ಕೊನೆಯೇ ಇಲ್ಲ. ಎಲ್ಲವನ್ನೂ ರೋಗಿಯ ಮೇಲೆ ಪರೀಕ್ಷಿಸುವುದು ಅಮಾನುಷ. ಲೆಕ್ಕದ ಮನುಷ್ಯನಿಗಾದರೆ ಉರಿಯೆನ್ನುವುದಿಲ್ಲ. ವಿದ್ಯುತ್ಕಾಂತ ಅಲೆಗಳನ್ನು ಘನ ಘನವಾಗಿ ಎಣಿಸುವ ಒಂದು ಸೊಗಸಾದ ಉಪಾಯವನ್ನು 1966ರಲ್ಲಿ ಕೇನ್ ಯೀ ಎಂಬವರು ಕೊಟ್ಟಿದ್ದರು. 1996ರಲ್ಲಿ ಲಂಡನ್ನಿನ ಕ್ಯಾಮಿಲಿಯ ಗೇಬ್ರಿಯಲ್ ಮತ್ತು ಸಂಗಡಿಗರು ದೇಹದ ಬಗೆಬಗೆಯ ಅಂಗಾಂಶಗಳ ವಿದ್ಯುದ್ಗುಣಗಳನ್ನು ಅಳೆದು ಪಟ್ಟಿಮಾಡಿದರು. ಇವೆರಡನ್ನೂ ಕೂಡಿಸಿಕೊಂಡು ಬರ್ಲಿನ್, ಆಮ್‌ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್ ನಗರಗಳಲ್ಲಿ ಚಿಕಿತ್ಸೆಯ ಮುಂಯೋಜನೆ ಹಾಕುವ ವ್ಯವಸ್ಥೆಗಳು ಬೆಳೆದವು.

ಈ ಲೆಕ್ಕ ಎಷ್ಟರ ಮಟ್ಟಿಗೆ ನಿಜ? ಇಲ್ಲಿ ಉತ್ಸಾಹಿಗಳು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು. 2010ರಲ್ಲಿ ರಾಟರ್‌ಡ್ಯಾಮಿನವರು ತಮ್ಮದೇ ವಿಧಾನವನ್ನು ಪರೀಕ್ಷೆಗೆ ಒಡ್ಡಿ ಫಲವನ್ನು ಪ್ರಕಟಿಸಿದರು. ಅದೇ ರೋಗಿಗೆ ಕೆಲವು ಸಲ ಗಣಕಯಂತ್ರ ಹೇಳಿದಂತೆ, ಕೆಲವು ಸಲ ಅನುಭವಿ ಸಿಬ್ಬಂದಿಯ ತಿಳಿವಿನಂತೆ ಯಂತ್ರವನ್ನು ನಡೆಸಿ ನೋಡಿದರು. ಗಣಕಯಂತ್ರ ಅನುಭವಿಯ ಕೈಯನ್ನು ಮೀರಿಸಲಿಲ್ಲ! ಕಾರಣ ಊಹಿಸುವುದು ಕಷ್ಟವಲ್ಲ. ಲೆಕ್ಕಕ್ಕೆ ಕೊಟ್ಟ ರಕ್ತದ ಅಂಕೆ ಪುಸ್ತಕದ್ದು, ಮಂಚದ ಮೇಲೆ ಮಲಗಿದ ಹೆಂಗಸಿನದಲ್ಲ. ಚಿತ್ರ ತೆಗೆದಾಗ ಮಲಗಿದ ಭಂಗಿ ಒಂದು, ಚಿಕಿತ್ಸೆಯ ದಿನದ್ದು ಇನ್ನೊಂದು. ಉತ್ತರವನ್ನು ಯಂತ್ರ ಎಷ್ಟು ದಶಾಂಶಗಳವರೆಗೆ ಬರೆದುಕೊಟ್ಟರೂ ಪ್ರಶ್ನೆಯಲ್ಲಿದ್ದ ಅಂದಾಜು ಅಂದಾಜೇ.

ಆದಕಾರಣ ಲೆಕ್ಕದ ಮನುಷ್ಯನನ್ನು ಜೋಯಿಸನೆಂದು ತಿಳಿಯದೆ ಹೋಲಿಕೆಯ ತಕ್ಕಡಿಯೆಂದು ತಿಳಿಯುವುದು ಮೇಲೆಂದು ನನಗೆ ತೋರುತ್ತದೆ. ಗಡ್ಡೆ 42.3 ಡಿಗ್ರಿ ಮುಟ್ಟುತ್ತದೆಂಬ ಅವನ ಮಾತನ್ನು ನಂಬಬೇಕಾಗಿಲ್ಲ. ಈ ಜೋಡಣೆಗಿಂತ ಆ ಜೋಡಣೆ ಮೇಲು ಎಂದರೆ ಕಿವಿಗೊಡಬಹುದು, ಏಕೆಂದರೆ ತಪ್ಪು ಅಂಕೆಗಳು ಎರಡೂ ಕಡೆಗೆ ಹೆಚ್ಚುಕಡಿಮೆ ಸಮನಾಗಿಯೇ ಬಿದ್ದಿರುತ್ತವೆ. ಯಂತ್ರಗಳನ್ನು ರೂಪಿಸುವಲ್ಲಿ ಇದು ಚೆನ್ನಾಗಿ ಒದಗಿ ಬಂದಿದೆ. ಕತ್ತು ಮತ್ತು ಗಂಟಲಿನ ಗಡ್ಡೆಗಳಿಗೆ ಶಾಖ ಕೊಡಲು ರಾಟರ್‌ಡ್ಯಾಮಿನಲ್ಲಿ 'ಹೈಪರ್‌ಕಾಲರ್' ಎಂಬ ಕೊರಳಪಟ್ಟಿಯಂಥ ಉಪಕರಣವನ್ನು ಮಾಡಿದಾಗ, ಎಷ್ಟು ಆಂಟೆನಾಗಳಿರಬೇಕು, ಎಲ್ಲಿರಬೇಕು ಎಂಬುದನ್ನು ಮೊದಲು ಗಣಕಯಂತ್ರದಲ್ಲಿಯೇ ಒಂದರೊಡನೊಂದು ಹೋಲಿಸಿ ನೋಡಿದರು. ಅವರು ಆರಿಸಿಕೊಂಡ ಅಲೆ ಸೆಕೆಂಡಿಗೆ ಸುಮಾರು 43 ಕೋಟಿ ಮಿಡಿತದ್ದು. ಮಾಂಸದಲ್ಲಿ ಅದರ ಉದ್ದ ಸುಮಾರು 9 ಸೆಂಟಿಮೀಟರು. ಕತ್ತಿನಂಥ ಇಕ್ಕಟ್ಟಿನಲ್ಲಿ ಶಾಖವನ್ನು ಒಂದೆಡೆ ಕೂಡಿಸಲು ಅಂಥ ಗಿಡ್ಡ ಅಲೆಯೇ ಬೇಕು.

ಯಕೃತ್ತಿನ ಗಡ್ಡೆಗಳನ್ನು ಸೂಜಿಯಿಂದ ಸುಡುವ ಚಿಕಿತ್ಸೆಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಗಡ್ಡೆಯೊಳಕ್ಕೆ ಸೂಜಿಯನ್ನು ಇಳಿಸಿ ಸೆಕೆಂಡಿಗೆ ಸುಮಾರು 5 ಲಕ್ಷ ಸಲ ಮಿಡಿಯುವ ವಿದ್ಯುತ್ತನ್ನು ಹಾಯಿಸುತ್ತಾರೆ. 60 ಡಿಗ್ರಿ ಮೀರಿದರೆ ಅಂಗಾಂಶ ಬೆಂದ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತದೆ. ಹಾಗಾದರೆ ಬೇಗ ಬೇಗ 100 ಡಿಗ್ರಿ ದಾಟಿಸಬಾರದೇಕೆ? ದಾಟಿಸಿದರೆ ಸೂಜಿಯ ಸುತ್ತಲಿನ ನೀರು ಆವಿಯಾಗಿ, ಅಂಗಾಂಶ ಒಣಗಿ ಕರಿಕಾಗಿ, ವಿದ್ಯುತ್ತು ಮುಂದೆ ಹರಿಯುವುದೇ ನಿಂತುಹೋಗುತ್ತದೆ. ಹೊರಸುತ್ತು ಹಸಿಯಾಗಿ ಉಳಿಯುತ್ತದೆ. ಅದಕ್ಕೆ ಕಂಡ ಪರಿಹಾರ ವಿಚಿತ್ರವಾಗಿದೆ: ಸುಡುವ ಸೂಜಿಯೊಳಗೇ ತಣ್ಣೀರನ್ನು ಹರಿಸುವುದು. ಹೀಗೆ ಮಾಡಿದರೆ ಅತಿ ಬಿಸಿಯ ಜಾಗ ಸೂಜಿಯ ಮೈಯಿಂದ ದೂರ ಸರಿದು ಬೆಂದ ಉಂಡೆ ದೊಡ್ಡದಾಗುತ್ತದೆಂಬುದನ್ನು ಲೆಕ್ಕ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಪಕ್ಕದಲ್ಲಿ 3 ಮಿಲಿಮೀಟರಿಗಿಂತ ದಪ್ಪ ರಕ್ತನಾಳವಿದ್ದರೆ ಮಾತ್ರ ಆ ಮಗ್ಗುಲು ಬೇಯದೆ ಉಳಿದೀತೆಂಬ ಭಯ. ಹಿಂದೆ ಹೇಳಿದ ಜಮೀನ್ದಾರ ಇಲ್ಲಿಯೂ ತಪ್ಪಿದ್ದಲ್ಲ.

ರಕ್ತದ ಅಂಕೆಯನ್ನು ಪುಸ್ತಕದಿಂದ ತರದೆ ರೋಗಿಯಿಂದಲೇ ಪಡೆಯುವ ದಾರಿಯೊಂದಿದೆ. ಎಂ.ಆರ್. ಚಿತ್ರಯಂತ್ರ ದೇಹದ ನೀರಿನಲ್ಲಿರುವ ಜಲಜನಕದ ಸ್ವರವನ್ನು ಆಲಿಸುತ್ತದೆ ಎನ್ನಬಹುದು. ಉಷ್ಣತೆ ಏರಿದರೆ ಆ ಸ್ವರ ಅತ್ಯಲ್ಪವಾಗಿ ಕದಲುತ್ತದೆ, ಡಿಗ್ರಿಗೆ ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟು. ಅಷ್ಟನ್ನು ಹಿಡಿದರೆ ಸೂಜಿ ಚುಚ್ಚದೆಯೇ ಒಳಗಿನ ಉಷ್ಣತೆಯ ಚಿತ್ರ ದೊರೆಯುತ್ತದೆ. ಲೆಕ್ಕದ ಚಿತ್ರವನ್ನು ಅದರ ಪಕ್ಕದಲ್ಲಿಟ್ಟು, ರಕ್ತದ ಅಂಕೆಯನ್ನು ತಿದ್ದಿ, ಆಂಟೆನಾಗಳನ್ನು ಮತ್ತೆ ಹೊಂದಿಸಬಹುದು. ಅಲುಗಾಡದ ತೊಡೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಕಿಬ್ಬೊಟ್ಟೆಯಲ್ಲಿ ರೋಗಿ ಉಸಿರಾಡುತ್ತಾಳೆ, ಕರುಳಿನಲ್ಲಿ ವಾಯು ಸರಿದಾಡುತ್ತದೆ, ಚಿತ್ರ ಕದಡುತ್ತದೆ. ಆಗ ಯಂತ್ರದ ಬಳಿ ನಿಂತವನು ಅವಳ ಕಡೆ ಬಾಗಿ, ಎಲ್ಲಾದರೂ ಉರಿಯುತ್ತಿದೆಯೇ ಎಂದು ಕೇಳುತ್ತಾನೆ.